ರೇಷನ್ ಅಕ್ಕಿಯಲ್ಲಿ ತೇಲುವುದು ಪ್ಲಾಸ್ಟಿಕ್ ಅಲ್ಲ

"ಹಾಡಿಯವರಿಗೆ, ಲೈನ್ ಮನೆಯವರಿಗೆ ರೇಷನ್‌ನಲ್ಲಿ ಪ್ಲಾಸ್ಟಿಕ್ ಅಕ್ಕಿ ಕೊಡ್ತಿದ್ದಾರೆ, ನೀರಿಗೆ ಹಾಕಿದರೆ ತೇಲುತ್ತೆ ನೋಡಿ" ಅಂತ ಕೊಡಗಿನ ಗ್ರೂಪುಗಳಲ್ಲಿ ಒಂದು ವಿಡಿಯೋ ಓಡಾಡುತ್ತಿದೆ (ಹಾಡಿ ಅಂದರೆ ಆದಿವಾಸಿಗಳ ಊರು, ಲೈನ್ ಮನೆ ಅಂದರೆ ತೋಟದ ಕೆಲಸಗಾರರ ಸಾಲುಮನೆ). ಇದು ತಪ್ಪು.

ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ತರುತ್ತಾರೆ. 100 ಕೆಜಿ ಅಕ್ಕಿಗೆ ಸುಮಾರು 1 ಕೆಜಿ ಬೆರೆಸುತ್ತಾರೆ, ಅದಕ್ಕೇ ಮೊರದಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಬೇರೆ ಬಣ್ಣದ ಕಾಳು ಕಾಣುತ್ತದೆ. ಮಾಮೂಲಿ ಅಕ್ಕಿಗಿಂತ ಹಗುರ, ಹಾಗಾಗಿ ಕೆಲವು ತೇಲುತ್ತವೆ, ಅಷ್ಟೇ. ಚೀಲದ ಮೇಲೆ ಸಾರವರ್ಧಿತ ಅಂತ ತೋರಿಸುವ '+F' ಗುರುತು ಇದೆಯಾ ನೋಡಿ. ಬಡವರಿಗೆ ಸಿಗುವ ಅಕ್ಕಿಯಲ್ಲಿ ಇದನ್ನು ಬೆರೆಸುವುದಾಗಿ ಕೇಂದ್ರ ಸರ್ಕಾರ 2021ರ ಆಗಸ್ಟ್ 15ರಂದೇ ಹೇಳಿತ್ತು.

ನನಗೆ ಬೇಸರ ಆಗೋದು ಇಲ್ಲಿ: ವಿಡಿಯೋ ನೋಡಿದವರು ಆ ಕಾಳನ್ನೇ ಆರಿಸಿ ಕೋಳಿಗೆ ಹಾಕುತ್ತಾರೆ, ರಕ್ತ ಕಡಿಮೆ ಇರೋ ಬಸುರಿಗೆ ಬೇಕಾದದ್ದು ಅದರಲ್ಲೇ ಇರುತ್ತದೆ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತಿತಿಮತಿ ಕಡೆಯ ಹಾಡಿಗಳಿಂದ ತರಕಾರಿ ಅಂಗಡಿಗೆ ಹೋಗಿಬರುವುದೇ ಒಂದು ಕೆಲಸ, ಅಲ್ವಾ? ಈ ಅಕ್ಕಿ ಸೊಪ್ಪು, ಮೊಟ್ಟೆ, ಬೇಳೆಗೆ ಬದಲಿಯಲ್ಲ, ಆದರೂ ಸುಮ್ನೆ ಚೆಲ್ಲುವಂಥದ್ದಲ್ಲ.

ಜಾಸ್ತಿ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ. ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರುವವರು ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಹುಳ, ಮುಗ್ಗಲು ವಾಸನೆ ಇದ್ದರೆ ಖಂಡಿತ ದೂರು ಕೊಡಿ, ಅದು ಬೇರೆ ವಿಷಯ. ಆ ವಿಡಿಯೋ ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.