ಮಾಳಿಗೆ ಸೋರುತ್ತಿಲ್ಲ ಅಂದ್ರೆ ಗಟ್ಟಿ ಇದೆ ಅಂತಲ್ಲ

ಮಳೆಗಾಲ ಬಂತು ಅಂದರೆ ಹುಬ್ಬಳ್ಳಿಯಿಂದ ಫೋನ್ ಮಾಡಿ ಅವ್ವನಿಗೆ ನಾನು ಕೇಳುತ್ತಿದ್ದದ್ದು ಒಂದೇ ಮಾತು. "ಅವ್ವಾ, ಮಾಳಿಗಿ ಸೋರಾಕತ್ತೇತೇನ?" ಅವಳ ಉತ್ತರವೂ ಒಂದೇ. "ಇಲ್ಲೋ ಯಪ್ಪಾ, ಈ ಸಲ ಮಣ್ಣ ಛಲೋ ಹಾಕ್ಸೀನಿ." ಅಷ್ಟಕ್ಕೇ ನನಗೆ ಸಮಾಧಾನ ಆಗುತ್ತಿತ್ತು.

ಎರಡು ವರ್ಷದ ಹಿಂದೆ ಮೂರು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿಯಿತು. ಗದಗ ಜಿಲ್ಲೆ ರೋಣ ತಾಲ್ಲೂಕಿನ ನಮ್ಮ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳಗಿನ ಜಾವ ಅಡುಗೆಮನೆಯ ಒಂದು ಜಂತಿ, ಅಂದರೆ ಮಾಳಿಗೆ ಹೊರುವ ಅಡ್ಡ ಕಟ್ಟಿಗೆ, ಮುರಿಯಿತು. ಅದರ ಹಿಂದೆ ಪಕ್ಕದ ಎರಡು ಜಂತಿ, ಮೇಲಿನ ಮಣ್ಣು, ಎಲ್ಲ ಕೆಳಗೆ. ಅವ್ವ ಪಡಸಾಲೆಯಲ್ಲಿ ಮಲಗಿದ್ದಳು. ಇನ್ನರ್ಧ ಗಂಟೆ ಕಳೆದಿದ್ದರೆ ಚಹಾ ಕಾಸುತ್ತ ಅಲ್ಲೇ ನಿಂತಿರುತ್ತಿದ್ದಳು.

ಆ ಕೋಣೆ ಅಲ್ಲಿಯವರೆಗೆ ಒಂದು ಹನಿಯೂ ಸೋರಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಮಣ್ಣಿನ ಮಾಳಿಗೆ ಹೇಗೆ ಕಟ್ಟುತ್ತಾರೆ ಅಂತ ಗೊತ್ತಲ್ವಾ? ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ತಪ್ಪಲು, ಆಮೇಲೆ ಮಣ್ಣು. ಮೇಲ್ಪದರಕ್ಕೆ ಕರಲು ಮಣ್ಣು, ಅಂದರೆ ಸವಳು ಮಣ್ಣು. ನೀರು ಬಿದ್ದ ಕೂಡಲೇ ಅದು ಮೆತ್ತಿಕೊಂಡು ಸಂದಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಈ ಮನೆ ಎಷ್ಟು ತಂಪು ಅಂತ ಒಳಗೆ ಮಲಗಿದವರಿಗೇ ಗೊತ್ತು. ನಾನು ಇದರ ವಿರೋಧಿ ಅಲ್ಲ. ಆದರೆ ಪ್ರತಿ ಮುಂಗಾರಿಗೂ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ಕೆರೆದು ತೆಗೆಯುವುದಿಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ ಮೇಲೆ ಒಂದೇ ಒಂದು ಇಂಚು ಮಣ್ಣು ಅಂದರೆ 350ರಿಂದ 400 ಕೆಜಿ. ಅದೂ ಒಣ ಮಣ್ಣು. ನೆನೆದರೆ ಇನ್ನೂ ಜಾಸ್ತಿ. ನಮ್ಮ ಅಡುಗೆಮನೆ ಮೇಲಿನ ಮಣ್ಣು ಅಳೆದಾಗ 14 ಇಂಚು ಇತ್ತು. ಅದೇ ಲೆಕ್ಕ ಹಿಡಿದರೆ ಸುಮಾರು ಐದು ಟನ್. ಸೋರದಿರಲಿ ಅಂತ ಅವ್ವ ವರ್ಷವರ್ಷ ಹಾಕಿಸಿದ ಮಣ್ಣೇ ಜಂತಿಯನ್ನು ಮುರಿಯಿತು.

ಆಮೇಲೆ ನಮ್ಮೂರಿನ ಬಡಿಗೇರ ಕಾಕಾ ಬಂದು ಉಳಿದ ಕೋಣೆಗಳನ್ನು ನೋಡಿದ. ಅವನು ಮೇಲೆ ಹತ್ತಲೇ ಇಲ್ಲ. ಏಣಿ ಇಟ್ಟುಕೊಂಡು ಒಳಗಿನಿಂದ ಜಂತಿ ಗೋಡೆಯೊಳಗೆ ಹೋಗುವ ಜಾಗವನ್ನೇ ನೋಡಿದ. ಮಧ್ಯದ ಕಟ್ಟಿಗೆಗೆ ಗಾಳಿ ಆಡುತ್ತದೆ, ಒಣಗುತ್ತದೆ. ಗೋಡೆಯೊಳಗಿನ ತುದಿಗೆ ಗಾಳಿ ಇಲ್ಲ, ತೇವ ಅಲ್ಲೇ ಕೂರುತ್ತದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಒತ್ತಿದ. ಎರಡು ಇಂಚು ಬೆಣ್ಣೆಯಲ್ಲಿ ಹೋದಂತೆ ಹೋಯಿತು. "ಹೊರಗ ನೋಡಿದ್ರ ಹುಲಿ, ಒಳಗ ಹೊಟ್ಟು" ಅಂದ. ಬೆಳಕಿಂಡಿ ಸುತ್ತಲಿನ ಜಂತಿಗಳದ್ದೂ ಅದೇ ಗತಿ. ಇನ್ನೊಂದು ಮಾತು ಹೇಳಿದ, ನನಗೆ ಹೊಳೆದೇ ಇರಲಿಲ್ಲ. ಒಲೆ ಉರಿಯುತ್ತಿದ್ದಾಗ ಹೊಗೆ ಕುಡಿದ ಕಟ್ಟಿಗೆಗೆ ಹುಳ ಹತ್ತುವುದು ಕಡಿಮೆಯಂತೆ. ಗ್ಯಾಸ್ ಬಂದ ಮೇಲೆ ಆ ಹೊಗೆ ಇಲ್ಲ.

ದಯವಿಟ್ಟು ನೀವೂ ಒಮ್ಮೆ ಹೀಗೆ ನೋಡಿ. ಗೋಡೆ ಮೇಲೆ ಗೆದ್ದಲಿನ ಮಣ್ಣಿನ ದಾರಿ ಜಂತಿವರೆಗೆ ಹೋಗಿದೆಯಾ? ಗಾಳಿ ಇಲ್ಲದ ದಿನವೂ ಹಾಸಿಗೆ ಮೇಲೆ ಸಣ್ಣ ಮಣ್ಣು ಉದುರುತ್ತಾ? ಮೊದಲು ಸಲೀಸಾಗಿ ಹಾಕುತ್ತಿದ್ದ ಬಾಗಿಲು ಈಗ ಮೇಲೆ ತಾಗುತ್ತಾ? ಮಳೆ ನಿಂತ ಮೇಲೂ ಮಾಳಿಗೆ ನಡುವೆ ನೀರು ನಿಲ್ಲುತ್ತಾ? ನಿಂತರೆ ಅಲ್ಲಿ ಮಾಳಿಗೆ ಕೆಳಗೆ ಜಗ್ಗಿರಬಹುದು. ಮಣ್ಣು ತುಂಬಿ ಆ ತಗ್ಗು ಸಮ ಮಾಡಬೇಡಿ, ಭಾರ ಇನ್ನೂ ಹೆಚ್ಚುತ್ತದೆ. ಜಂತಿಯ ಎರಡು ತುದಿಯ ಕೆಳ ಅಂಚಿಗೆ ಪಕ್ಕದಿಂದ ಒಂದು ದಾರ ಬಿಗಿದು ಹಿಡಿಯಿರಿ. ನಡುವೆ ಕಟ್ಟಿಗೆ ದಾರಕ್ಕಿಂತ ಎಷ್ಟು ಕೆಳಗೆ ಇಳಿದಿದೆ ಅಳೆದು, ತಾರೀಖು ಸಮೇತ ಗೋಡೆ ಮೇಲೆ ಬರೆಯಿರಿ. ಕೆಲವು ಕಟ್ಟಿಗೆ ಮೊದಲಿನಿಂದಲೂ ಡೊಂಕು ಇರುತ್ತವೆ, ಅದಕ್ಕೇ ಒಂದೇ ಸಲದ ಅಳತೆ ಸಾಲದು. ಮುಂದಿನ ವರ್ಷ ಆ ಅಳತೆ ಜಾಸ್ತಿ ಆದರೆ ರಿಪೇರಿಗೆ ತಡ ಮಾಡಬೇಡಿ.

ಧಾರವಾಡದ ಹಂಚಿನ ಮನೆಯವರಿಗೆ ಇಷ್ಟು ಕಷ್ಟ ಇಲ್ಲ. ಮಂಗ ಕುಣಿದು ನಾಲ್ಕು ಹಂಚು ಒಡೆದರೆ ನಾಲ್ಕು ಬದಲಿಸಿದರೆ ಸಾಕು. ದೂರ ನಿಂತು ಮನೆಯ ನೆತ್ತಿ ನೋಡಿ. ಗೆರೆ ನೆಟ್ಟಗಿಲ್ಲದೆ ನಡುವೆ ಜೋತಿದ್ದರೆ ಕೆಟ್ಟಿರುವುದು ಕೆಳಗಿನ ಕಟ್ಟಿಗೆ, ಹಂಚಲ್ಲ. ಹಳೆಯ ಮಂಗಳೂರು ಹಂಚನ್ನು ಸುಮ್ನೆ ಮಾರಬೇಡಿ, ತೊಳೆದು ಮತ್ತೆ ಹೊದಿಸಬಹುದು.

ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಮನೆಯವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಒಳಗೆ ನೀರು ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ಸರಳು ಕಾಣುತ್ತಿದ್ದರೆ ಮೇಲೆ ಬರೀ ಪ್ಲಾಸ್ಟರ್ ಬಳಿದು ಮುಚ್ಚಬೇಡಿ. ಎಂಜಿನಿಯರ್‌ಗೆ ತೋರಿಸಿ.

ನಮ್ಮ ಮನೆಗೆ ಎಲ್ಲರೂ ಸ್ಲ್ಯಾಬ್ ಹಾಕಿಸು ಅಂದರು. ಗೋಡೆ ಕಟ್ಟುವ ಗೌಂಡಿ ಒಪ್ಪಲಿಲ್ಲ. ಗೋಡೆ ಮಣ್ಣಿನದು, ಪಿಲ್ಲರ್ ಎಬ್ಬಿಸದೆ ಸ್ಲ್ಯಾಬ್ ಕೂರಿಸಲ್ಲ ಅಂದ. ಕೆಲಸ ಕೈ ತಪ್ಪಿದರೂ ಸರಿ ಅಂತ ನಿಜ ಹೇಳಿದ ಅವನ ಬಗ್ಗೆ ನನಗೆ ಗೌರವ ಇದೆ. ಕೊನೆಗೆ ಕಬ್ಬಿಣದ ಪೈಪಿನ ಮೇಲೆ ತಗಡು ಹಾಕಿಸಿದೆವು. ಸೆಕೆ ಜಾಸ್ತಿ, ನಿಜ. ಗೋಡೆಗೂ ತಗಡಿಗೂ ನಡುವೆ ಗಾಳಿ ಆಡಲು ಜಾಗ ಬಿಟ್ಟಿದ್ದೇವೆ. ಅವ್ವ ಮಾತ್ರ ಇನ್ನೂ ಹಳೆಯ ತಂಪನ್ನೇ ನೆನೆಯುತ್ತಾಳೆ.

ಮೂರು ಕೋಣೆಯ ಮಣ್ಣು ಇಳಿಸಿದಾಗ ಆರು ಟ್ರ್ಯಾಲಿ ಆಯಿತು. ಹೊಲಕ್ಕೆ ಹಾಕಿದೆವು. ಗಟ್ಟಿ ಉಳಿದಿದ್ದ 13 ಜಂತಿ ಹಿತ್ತಲಲ್ಲಿ ಒಟ್ಟಿದ್ದೇವೆ. ಪಡಸಾಲೆಯ ಮಾಳಿಗೆ ಇನ್ನೂ ಹಳೆಯದೇ. ಮೇಲಿನ ಮಣ್ಣು ಅರ್ಧ ಕೆರೆಸಿ, ದಾರ ಹಿಡಿದು ನೋಡಿ ಬಂದಿದ್ದೇನೆ. ನಡುವೆ ಒಂದು ಬೆರಳಿನಷ್ಟು ಇಳಿದಿದೆ. ಏಪ್ರಿಲ್‌ನಲ್ಲಿ ಹೋಗಿ ಮತ್ತೆ ಅಳೆಯಬೇಕು.