ಗಪ್ಪಿಯ ಬಣ್ಣ ನೋಡಿ ನೀರು ಅಳೆಯಬೇಡಿ

ಪುಣೆಯ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಗಪ್ಪಿ ಮೀನು ಬಣ್ಣಬಣ್ಣವಾಗಿದ್ದರೆ ನೀರು ಶುದ್ಧ, ಮಂಕಾಗಿದ್ದರೆ ಕೊಳಕು ಅಂತ. ಇದು ತಪ್ಪು. ಹೆಣ್ಣು ಗಪ್ಪಿ ಹೇಗೂ ಮಂಕೇ ಅಲ್ವಾ!

ಗಪ್ಪಿಯ ತವರಾದ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಜಲಪಾತಗಳ ಕೆಳಗೆ ಪೈಕ್ ಸಿಕ್ಲಿಡ್‌ನಂಥ ಬೇಟೆಗಾರ ಮೀನುಗಳಿವೆ, ಜಾಸ್ತಿ ಮಿಂಚುವ ಗಂಡು ಮೊದಲು ಅವುಗಳ ಬಾಯಿಗೆ ಬೀಳುತ್ತದೆ, ಹಾಗಾಗಿ ಅಲ್ಲಿ ಉಳಿಯುವವು ಹೆಚ್ಚಾಗಿ ಮಂಕು ಗಂಡುಗಳೇ. ಮೇಲಿನ ತೊರೆಗಳಲ್ಲಿ ಆ ಕಾಟ ಕಡಿಮೆ, ಬಣ್ಣ ಜಾಸ್ತಿ. ಬೇಟೆಗಾರರ ನಡುವಿನಿಂದ ತಂದು ಸುರಕ್ಷಿತ ತೊರೆಗೆ ಬಿಟ್ಟ ಗಪ್ಪಿಗಳ ಸಂತತಿ ಬೇಗನೇ ಬಣ್ಣ ಏರಿಸಿಕೊಂಡದ್ದನ್ನು ಜೀವವಿಜ್ಞಾನಿ ಜಾನ್ ಎಂಡ್ಲರ್ 1980ರಲ್ಲೇ ಪ್ರಕಟಿಸಿದ್ದಾರೆ. ಬಣ್ಣದಲ್ಲಿ ತೊರೆಯ ಕೈವಾಡವೂ ಇದೆ: ಗಂಡಿನ ಕಿತ್ತಳೆ ಚುಕ್ಕೆಗೆ ಬಣ್ಣ ಸಿಗೋದು ಅದು ತಿನ್ನುವ ಪಾಚಿಯಿಂದ, ಪಾಚಿ ಬೆಳೆಯಲು ಬಿಸಿಲು ಬೇಕು.

ಇಲ್ಲಿ ಸೊಳ್ಳೆ ಮರಿ ತಿನ್ನಲಿ ಅಂತ ಬಿಡುವ ಗಪ್ಪಿ ಗಟಾರದಲ್ಲೂ ಆರಾಮಾಗಿ ಬದುಕುತ್ತದೆ. ಅನುಮಾನವಿದ್ದರೆ ಸುಮ್ನೆ ನೀರನ್ನು ಲ್ಯಾಬಿಗೆ ಕೊಡಿ.