ಅರ್ಥ ಕೇಳ್ಬೇಡಿ, ಪಾಯಿಂಟ್ ನೋಡಿ

ಇಂಗ್ಲಿಷಲ್ಲಿ ಬರೀ ಎರಡಕ್ಷರದ ಪದ ಎಷ್ಟಿದೆ ಹೇಳಿ ಅಂದ್ರೆ ಈಸ್, ಇಟ್, ಇನ್, ಆನ್, ಗೋ, ನೋ ಅನ್ಕೊಂಡು ಎರಡೂ ಕೈ ಬೆರಳು ಮುಗಿಯೋ ಹೊತ್ತಿಗೆ ನನ್ ಸ್ಟಾಕ್ ಖಾಲಿ. ಸ್ಕ್ರ್ಯಾಬಲ್ ಅಂತ ಅಕ್ಷರದ ಬಿಲ್ಲೆಗಳನ್ನ ಬೋರ್ಡ್ ಮೇಲೆ ಪದವಾಗಿ ಜೋಡಿಸಿ ಪಾಯಿಂಟ್ ಗಳಿಸೋ ಆಟ ಇದೆಯಲ್ಲ, ಅದನ್ನ ಆಡೋರು ಯಾವ್ ಪದ ನಡೆಯುತ್ತೆ ಅಂತ ನೋಡಕ್ಕೆ ಇಟ್ಕೊಳ್ಳೋ ಕಾಲಿನ್ಸ್ ಪಟ್ಟೀಲಿ 127 ಇದಾವೆ. ಈ ವಿಷ್ಯ ನನ್ ಮಗಳಿಗೆ ಗೊತ್ತಾಗಿದ್ದು ಬೇಸಿಗೆ ರಜೇಲಿ, ಆಮೇಲಿಂದ ನಮ್ಮನೇಲಿ ನೆಮ್ಮದಿ ಇಲ್ಲ.

ಯಾಕಂದ್ರೆ ನಮ್ ಮಾವ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಅವ್ರ ಲೆಕ್ಕದಲ್ಲಿ ಪದ ಅಂದ್ರೆ ಸ್ಪೆಲ್ಲಿಂಗು, ಮೀನಿಂಗು, ಆಮೇಲೆ ಸ್ವಂತ ವಾಕ್ಯ, ಮೂರರಲ್ಲಿ ಒಂದಿಲ್ಲ ಅಂದ್ರೂ ಮಾರ್ಕ್ಸ್ ಕಟ್. ನೋಟ್ಸ್ ಉರು ಹೊಡ್ಕೊಂಡು ಬರೋ ಹುಡುಗ್ರ ಜೊತೆ ಸರ್ವೀಸಿಡೀ ಗುದ್ದಾಡಿದೋರು. ಅಂಥೋರ ಮುಂದೆ ಮೊಮ್ಮಗಳು ಸ್ಕ್ರ್ಯಾಬಲ್ ಬೋರ್ಡ್ ಹರಡಿ ಕೂತ್ಲು.

ಈ ಆಟ ಕಂಡುಹಿಡಿದಿದ್ದು ಆಲ್ಫ್ರೆಡ್ ಬಟ್ಸ್ ಅಂತ ಅಮೆರಿಕದ ಒಬ್ಬ ಆರ್ಕಿಟೆಕ್ಟು, 1930ರ ದಶಕದಲ್ಲಿ ಅಲ್ಲಿ ಎಕಾನಮಿ ನೆಲಕಚ್ಚಿದಾಗ ಕೆಲ್ಸ ಹೋಗಿ ಮನೇಲಿದ್ದ, ನ್ಯೂಸ್‌ಪೇಪರ್ ಹಿಡ್ಕೊಂಡು ಯಾವ್ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸ್ತಾ ಕೂತ. ಅದಕ್ಕೇ ನೂರು ಬಿಲ್ಲೇಲಿ ಇ ಹನ್ನೆರಡಿದೆ, ಕ್ಯೂ ಒಂದೇ ಒಂದು, ಅದಕ್ಕೆ ಹತ್ತು ಪಾಯಿಂಟು. (ಬೆಳಗ್ಗಿಂದ ಪೇಪರ್ ಹಿಡ್ಕೊಂಡು ಕೂರೋ ಗಂಡಸರು ನಮ್ಮನೇಲೂ ಇದಾರೆ, ಅದ್ರಿಂದ ಇಲ್ಲೀತನಕ ಹುಟ್ಟಿರೋದು ಎರಡನೇ ಕಾಫಿ ಮಾತ್ರ.)

ಮಾವನಿಗೆ ಕ್ಯೂ ಬಿತ್ತು. ಯು ಸಿಗ್ಲಿ, ಕ್ವೀನ್ ಬರೀತೀನಿ ಅಂತ ರಾಜಗಾಂಭೀರ್ಯದಲ್ಲಿ ಕಾದ್ರು. ಯು ಇರೋದು ನಾಲ್ಕೇ ಬಿಲ್ಲೆ, ನಾಲ್ಕೂ ಬೇರೆಯವ್ರ ಪಾಲಾಯ್ತು, ಆಟ ಮುಗೀತು, ಕೈಯಲ್ಲುಳಿದ ಕ್ಯೂಗೆ ಹತ್ತು ಪಾಯಿಂಟ್ ಮೈನಸ್. ಮುಂದಿನ ಆಟದಲ್ಲಿ ಅದೇ ಕ್ಯೂ ಮಗಳಿಗೆ ಹೋಯ್ತು, ಅವಳು ಒಂದು ಸೆಕೆಂಡೂ ಯೋಚಿಸ್ದೆ ಪಕ್ಕದಲ್ಲಿ ಒಂದು ಐ ಇಟ್ಟು, ತಾತನ ಮುಖ ನೋಡ್ಕೊಂಡು "ಚೀ" ಅಂದ್ಲು.

ಮಾವ ಕನ್ನಡಕ ತೆಗೆದ್ರು. "ಯಾರಿಗೇ ಛೀ ಅಂತಿದೀಯಾ?"

"ತಾತಾ, ನಿಮಗಲ್ಲ, ಪದಾನೇ ಅದು. ಚೀನಾದೋರು ದೇಹದೊಳಗಿನ ಪ್ರಾಣಶಕ್ತಿಗೆ ಹಾಗಂತಾರೆ. ಹನ್ನೊಂದು ಪಾಯಿಂಟ್ ಬರ್ಕೊಳ್ಳಿ."

ಸೊಸೆಯಾಗಿ ನಾನು ನಗೋ ಹಾಗಿಲ್ಲ, ಅಡುಗೆಮನೆಗೆ ಓಡ್ದೆ, ಸೆರಗು ಬಾಯಿಗಿಟ್ಕೊಂಡು ನಕ್ಕು ಮುಗಿಸೋದ್ರೊಳಗೆ ಸ್ಟವ್ ಮೇಲಿದ್ದ ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕಿಳಿದಿತ್ತು.

ಆಮೇಲಿಂದ ದಿನಾ ಸಂಜೆ ನಮ್ಮನೇಲಿ ವಿಚಾರಣೆ. ಎಎ ಅಂದ್ರೆ ಹವಾಯಿ ದ್ವೀಪದ ಒರಟು ಒರಟು ಲಾವಾ ಕಲ್ಲು (ಬರಿಗಾಲಲ್ಲಿ ನಡೆದೋರು ಯಾರೋ ಆ ಆ ಅಂದಿದ್ದೇ ಹೆಸರಾಗಿರ್ಬೇಕು ಅನ್ನೋದು ನನ್ ಸಂಶೋಧನೆ). ಎಕ್ಸ್‌ಯು ಅಂದ್ರೆ ವಿಯೆಟ್ನಾಮಲ್ಲಿ ಹಿಂದೆ ನಡೀತಿದ್ದ ಚಿಲ್ಲರೆ ಕಾಸು. ಎಐ ಬಂದು ನನ್ ಕೆಲ್ಸ ತಿನ್ನುತ್ತೆ ಅಂತ ನಿದ್ದೆಗೆಟ್ಟಿರೋ ನಮ್ಮೆಜಮಾನ್ರಿಗೆ ಮಗಳು ಹೇಳಿದ್ದು, ಈ ಆಟದಲ್ಲಿ ಎಐ ಅಂದ್ರೆ ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ನೇತಾಡ್ಕೊಂಡಿರೋ ಮೂರು ಬೆರಳಿನ ಸೋಮಾರಿ ಪ್ರಾಣಿ ಪಪ್ಪಾ, ಅದೇನೂ ಮಾಡಲ್ಲ.

ಮಾವನಿಗೆ ನಿಜವಾಗ್ಲೂ ಉರಿದಿದ್ದು ಝೋ ಬಗ್ಗೆ. ಅದು ಹಿಮಾಲಯದ ಕಡೆ ಯಾಕ್‌ಗೂ ಹಸುಗೂ ಹುಟ್ಟೋ ಮಿಶ್ರತಳಿ. ಪ್ರಾಣಿ ಮೇಲೆ ಅವ್ರಿಗೆ ಸಿಟ್ಟಿಲ್ಲ, ಆದ್ರೆ ಅದನ್ನ ಮುಂದೆ ಡಿ ಹಾಕಿ ಬರೀಬಹುದು, ಮಧ್ಯ ಎಚ್ ತೂರಿಸ್ಬಹುದು, ಎರಡನ್ನೂ ಹಾಕ್ಬಹುದು, ಝಡ್ ಬದ್ಲು ಎಸ್ ಕೂಡ ನಡೆಯುತ್ತೆ, ಐದು ಥರ ಬರೆದ್ರೂ ಐದೂ ಸರಿ! "ಒಂದು ಸ್ಪೆಲ್ಲಿಂಗ್ ತಪ್ಪಾದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ದೆನಲ್ಲೇ, ಆ ಹುಡುಗ್ರಿಗೆಲ್ಲ ಈಗ ಏನು ಹೇಳ್ಲಿ" ಅಂತ ಮಾವ ಊಟ ಅರ್ಧಕ್ಕೇ ಬಿಟ್ಟೆದ್ರು. ಇನ್ನು ಬೆಳಗ್ಗಿಂದ ರಾತ್ರೀತನಕ ಆಟೋದೋರಿಂದ ಹಿಡಿದು ಪುರೋಹಿತರ ತನಕ ಎಲ್ರ ಬಾಯಲ್ಲೂ ಬರೋ ಓಕೆ ಅನ್ನೋದು ಈ ಕಾಲಿನ್ಸ್ ಪಟ್ಟಿಗೆ ಸೇರಿದ್ದು 2019ರಲ್ಲಿ. ಇಷ್ಟು ವರ್ಷ ಝೋ ಓಕೆ, ಓಕೆ ನಾಟ್ ಓಕೆ.

ಮಾವನ್ನ ಪೂರ್ತಿ ಮಲಗಿಸಿದ್ದು ಮಾತ್ರ ನೈಜೆಲ್ ರಿಚರ್ಡ್ಸ್ ಕಥೆ. ನ್ಯೂಜಿಲೆಂಡಿನೋನು, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ಚಾಂಪಿಯನ್ ಆದ, ಫ್ರೆಂಚ್ ಮಾತಾಡಕ್ಕೆ ಬರಲ್ಲ, ಪದಗಳ ಪಟ್ಟೀನ ಹಾಗ್ಹಾಗೇ ಬಾಯಿಪಾಠ ಹೊಡೆದಿದ್ದ ಅಷ್ಟೇ. 2024ರಲ್ಲಿ ಸ್ಪ್ಯಾನಿಷಲ್ಲೂ ಅದೇ ಥರ ಗೆದ್ದ. ಮಾವ ತುಂಬ ಹೊತ್ತು ಸುಮ್ನಿದ್ದು "ಅಂದ್ರೆ ಅರ್ಥಾನೇ ಗೊತ್ತಿಲ್ದೆ ಉರು ಹೊಡೆದು ಪಾಸಾದ, ಅದೂ ಫಸ್ಟ್ ರ‍್ಯಾಂಕು" ಅಂದ್ರು, ನಂಗೆ ಯಾಕೋ ಪಾಪ ಅನ್ನಿಸ್ತು.

ಸಮಾಧಾನಕ್ಕೆ ಅಂತ ಮಗಳು ನಮ್ ಕಡೆ ಪದಾನೂ ಇದೆ ತಾತ ಅಂತ ಪಟ್ಟಿ ತೋರಿಸಿದ್ಲು. ರಾಗಿ ನಡೆಯುತ್ತೆ, ಇಡ್ಲಿ ನಡೆಯುತ್ತೆ, ದೋಸೆ ನಡೆಯುತ್ತೆ, ಮೂರಕ್ಕೂ ಐದೈದು ಪಾಯಿಂಟು. ಮಾವ ಉತ್ಸಾಹದಲ್ಲಿ ಆರ್, ಎ, ಜಿ ಜೋಡಿಸ್ಕೊಂಡು ಐಗೆ ಕಾಯ್ತಾ ಕೂತ್ರು. ಬೋರ್ಡ್ ಮೇಲೆ ಸಿಗೋ ಹಾಗಿದ್ದ ಕೊನೇ ಐನ ಮಗಳು ಮತ್ತೆ ಕ್ಯೂಗೆ ಕಟ್ಟಾಕಿದ್ಲು. ತಾತ ಮೊಮ್ಮಗಳು ಜೋರು ಜೋರಾಗಿ ಶುರುಮಾಡಿದ್ರು, ಅರ್ಥ ಇಲ್ದಿರೋ ಆಟ, ಮೋಸ, ಡಿಕ್ಷನರಿ, ನಿಮ್ ಕಾಲ ನಮ್ ಕಾಲ, ಎಲ್ಲ ಬಂತು. ಟೀವಿ ಮುಂದೆ ಕೂತಿದ್ದ ಅತ್ತೆ, ಆಟದ ಕಡೆ ಒಂದು ದಿನವೂ ತಲೆಹಾಕ್ದೋರು, ತಿರುಗಿಯೂ ನೋಡ್ದೆ "ಶ್!" ಅಂದ್ರು.

ಮಗಳ ಕಣ್ಣು ಫಳ್ ಅಂತು. ಕೈಯಲ್ಲಿ ಎಸ್ಸೂ ಇತ್ತು ಎಚ್ಚೂ ಇತ್ತು, ತಗೊಂಡು ಟಕ್ ಟಕ್ ಅಂತ ಇಟ್ಲು. "ಪಟ್ಟೀಲಿದೆ ತಾತ, ಐದು ಪಾಯಿಂಟು."

"ಇದೂ ಒಂದು ಪದಾನಾ? ಏನೇ ಇದರ ಅರ್ಥ?"

"ಬಾಯ್ಮುಚ್ಕೊಂಡು ಕೂತ್ಕೊಳ್ಳಿ ಅಂತ" ಅಂದ್ರು ಅತ್ತೆ, ಸೀರಿಯಲ್ಲಿನ ವಾಲ್ಯೂಮ್ ಎರಡು ಪಾಯಿಂಟ್ ಏರಿಸಿ.